ಆನಂದನಗರದ ಸೀಟಿ

ನಮ್ಮ ಅಡುಗೆಕೋಣೆಯ ಮೊಳೆಯೊಂದಕ್ಕೆ ಒಂದು ಸೀಟಿ ತೂಗುಬಿದ್ದಿದೆ. ಬಸ್ಸಿನ ಕಂಡಕ್ಟರುಗಳು ಊದುತ್ತಿದ್ದರಲ್ಲ, ಅಂಥದ್ದು. ಒಳಗಿನ ಗೋಲಿ ಸವೆದು ಈಗ ಅದರ ದನಿ ನೆಗಡಿಯಾದ ಕೋಳಿಯ ದನಿಯಂತಾಗಿದೆ. ಮನೆಗೆ ಬಂದವರು ನೋಡಿ, "ಏನ್ರೀ ಟೀಚರ, ಮನ್ಯಾಗೂ ಡ್ರಿಲ್ ಮಾಡಸ್ತೀರೇನು?" ಎಂದು ನಗುತ್ತಾರೆ. ನಾನು ಗಂಗಾವತಿಯಲ್ಲಿ ಮಕ್ಕಳಿಗೆ ವಿಜ್ಞಾನ ಕಲಿಸುವವಳು. ಎರಡು ಮೆಟ್ಟಿಲು ಹತ್ತಿದರೆ ಮೂರನೆಯದರ ಮೇಲೆ ಕೂತುಬಿಡುವ ದೇಹ ನನ್ನದು. ಡ್ರಿಲ್ಲಿಗೂ ನನಗೂ ಎಣ್ಣೆ ಸೀಗೆಕಾಯಿ.

ಮೊನ್ನೆ ಆ ಸೀಟಿ ಕೊಪ್ಪಳದಿಂದ ರಜೆಗೆ ಬಂದ ಅಣ್ಣನ ಮಗಳ ಕೈ ಸೇರಿತು. ಹೆಸರು ಸಹನಾ, ಇರುವುದು ಒಂಬತ್ತನೆಯ ತರಗತಿಯಲ್ಲಿ, ಸಹನೆ ಇರುವುದು ಹೆಸರಿನಲ್ಲಿ ಮಾತ್ರ. ಬಗಲಲ್ಲಿ ಇಟ್ಟಂಗಿಯಷ್ಟು ದಪ್ಪದ ಪುಸ್ತಕ ಹಿಡಿದು ಬಂದವಳು ಚಪ್ಪಲಿ ಬಿಡುವ ಮೊದಲೇ, "ಅತ್ತಿ, ಜಗತ್ತು ಹಾಳಾಗಿ ಹೋಗೇತಿ!" ಎಂದಳು. ನಾನು ಗಾಬರಿಬಿದ್ದು ಮೊದಲು ಗ್ಯಾಸ್ ಬಂದ್ ಮಾಡಿದೆ.

"ಇಲ್ಲಿ ಅಲ್ಲ ಅತ್ತಿ, ಪುಸ್ತಕದಾಗ."

ಆಮೇಲೆ ತಿಳಿಯಿತು, ಅವಳ ಶಾಲೆಯಲ್ಲಿ ಒಂದು ಪ್ರಾಜೆಕ್ಟ್ ಕೊಟ್ಟಿದ್ದಾರೆ. ಹೆಸರು: ‘ಕಿರಿಯರಿಗಾಗಿ ಬರೆದ ಡಿಸ್ಟೋಪಿಯಾ ಕಥೆಗಳಲ್ಲಿ ಸಾಹಿತ್ಯ ತಂತ್ರಗಳು ಮತ್ತು ವಸ್ತು’. ಇಷ್ಟನ್ನು ಗಟ್ಟಿಯಾಗಿ ಓದುವುದರೊಳಗೆ ನನಗೆ ನೀರಡಿಕೆಯಾಯಿತು.

"ಹಂಗಂದ್ರ ಏನವಾ?" ಎಂದೆ.

"ಕೆಟ್ಟ ನಾಡಿನ ಕಥಿ ಅತ್ತಿ. ಮುಂದ ಎಂದೋ ಬರೂ ಒಂದು ನಾಡು. ಸುತ್ತ ದೊಡ್ಡ ಗ್ವಾಡಿ. ಎಲ್ಲಾರ ಮೈಮ್ಯಾಲೂ ಒಂದ ನಮೂನಿ ಅರಿವಿ. ಹೆಸರಿಲ್ಲ, ಬರೇ ನಂಬರ್. ಎಲ್ಲಿ ಹೋದರೂ ನೋಡೂ ಕಣ್ಣು. ಮ್ಯಾಲೆ ಒಬ್ಬರು ಕುಂತು, ಇದೆಲ್ಲಾ ನಿಮ್ಮ ಒಳ್ಳೇದಕ್ಕ ಅಂತಾರ. ಒಂದು ಹುಡುಗಿ ಅಷ್ಟ, ಯಾಕ ಅಂತ ಕೇಳತಾಳ."

ನನಗೆ ನಗು ತಡೆಯಲಾಗಲಿಲ್ಲ. ಕೈಯಲ್ಲಿದ್ದ ಲಟ್ಟಣಿಗೆ ಕೆಳಗಿಟ್ಟು, ಕಟ್ಟೆ ಹಿಡಿದುಕೊಂಡು ನಕ್ಕೆ. "ಇದನ್ನ ನಾನು ಏಳನೇತ್ತಾ ಇದ್ದಾಗ ಬರದೇನಲ್ಲ!" ಎಂದೆ. ಸಹನಾ ನನ್ನನ್ನೂ ನನ್ನ ಕೈಯ ಹಿಟ್ಟನ್ನೂ ಸೇರಿಸಿ ನೋಡಿದ ನೋಟದಲ್ಲಿ ನಂಬಿಕೆಯ ಸುಳಿವೂ ಇರಲಿಲ್ಲ. ಅದಕ್ಕೆ ಮೊಳೆಯ ಮೇಲಿನ ಸೀಟಿಯನ್ನು ತೆಗೆದು ಅವಳ ಕೈಗಿಟ್ಟೆ. ಸಾಕ್ಷಿ ಅಂದರೆ ಅದೊಂದೇ ಈಗ ಉಳಿದಿರುವುದು.

ಈ ಪ್ರಾಜೆಕ್ಟಿನವರು ಕೆಟ್ಟ ನಾಡಿಗೆ ಏನೇನು ಬೇಕು ಎನ್ನುತ್ತಾರೋ ಅದೆಲ್ಲ ನಮ್ಮ ಮನೆಯಲ್ಲಿ ಪುಕ್ಕಟೆ ಸಿಗುತ್ತಿತ್ತು ನೋಡಿ. ಕುಷ್ಟಗಿಗೆ ಬಸ್ಸಿನಲ್ಲಿ ಅರ್ಧ ತಾಸಿನ ಹಾದಿಯ ಊರು ನಮ್ಮದು. ದೊಡ್ಡಪ್ಪ, ಚಿಕ್ಕಪ್ಪ, ಅವರವರ ಮಕ್ಕಳು ಎಲ್ಲ ಸೇರಿ ಒಂದೇ ಒಲೆ. ದೀಪಾವಳಿ ಬಂತೆಂದರೆ ಕುಷ್ಟಗಿ ಬಜಾರಿನಿಂದ ಒಂದು ಇಡೀ ತಾನು ಬಟ್ಟೆ ಬರುತ್ತಿತ್ತು. ಹುಡುಗಿಯರಿಗೆಲ್ಲ ಅದರದೇ ಲಂಗ, ಮಿಕ್ಕ ತುಂಡಿನಲ್ಲಿ ದಿಂಬಿನ ಚೀಲ. ಹಬ್ಬದ ಮಧ್ಯಾಹ್ನ ನಾವು ಅಡ್ಡಾದರೆ ಹುಡುಗಿ ಯಾವುದು, ದಿಂಬು ಯಾವುದು ಎಂದು ಅವ್ವನಿಗೇ ಗೊತ್ತಾಗುತ್ತಿರಲಿಲ್ಲ. ನಂಬರು ಬೇಕೆಂದರೆ ಶಾಲೆಯ ಹಾಜರಿ ಇತ್ತು. ಇನ್ನು ನೋಡುವ ಕಣ್ಣು! ಓಣಿಯ ಉದ್ದಕ್ಕೂ ಮನೆಮನೆಯ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತ ಹೆಂಗಸರು ಕೂತಿರುತ್ತಿದ್ದರು. ಒಂದು ಸಲ ಶಾಲೆಯ ಹತ್ತಿರ ಕದ್ದು ಒಂದು ಪೇರಲ ಹಣ್ಣು ತಿಂದು, ಬಾಯಿ ಒರೆಸಿಕೊಂಡು, ಸಾಧ್ವಿಯ ಮುಖ ಮಾಡಿ ಮನೆಗೆ ಬಂದರೆ ಆಯಿ ಹೊಸ್ತಿಲಲ್ಲೇ ನಿಂತು, "ಪೇರಲ ತಿಂದ ಮ್ಯಾಲ ನೀರು ಕುಡೀಬ್ಯಾಡ, ಕೆಮ್ಮು ಬರತೈತಿ" ಎಂದಳು. ಸುದ್ದಿ ನನಗಿಂತ ಮೊದಲು ಮನೆ ಮುಟ್ಟಿತ್ತು.

ಆಯಿ ಅಂದರೆ ನಮ್ಮಪ್ಪನ ತಾಯಿ. ಇಳಕಲ್ ಸೀರೆ, ಎಡ ಸೊಂಟದಲ್ಲಿ ಕೀಲಿಕೈಗಳ ಗೊಂಚಲು. ಬೆಲ್ಲದ ಡಬ್ಬಿ, ತುಪ್ಪದ ಗಡಿಗೆ, ಶೇಂಗಾ ತುಂಬಿದ ಕೋಣೆ, ಎಲ್ಲಕ್ಕೂ ಬೀಗ. ಆ ಗೊಂಚಲಿನ ಸದ್ದು ಆಯಿಗಿಂತ ನಾಲ್ಕು ಹೆಜ್ಜೆ ಮುಂದೆ ಬರುತ್ತಿತ್ತು. ಸದ್ದು ಕೇಳಿದ ಕೂಡಲೇ ನಮ್ಮ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು, ದೊಡ್ಡಪ್ಪನದೂ ಸಹ. ಏನು ಹೇಳಿದರೂ ಕೊನೆಗೆ ಒಂದು ಮಾತು ಸೇರಿಸುತ್ತಿದ್ದಳು: "ನಿಮ್ಮ ಒಳ್ಳೇದಕ್ಕ ಹೇಳಾಕತ್ತೀನಿ." ಹರಳೆಣ್ಣೆ ಕುಡಿಸುವಾಗಲೂ ಅದೇ ಮಾತು, ಆಟದ ನಡುವೆ ಜುಟ್ಟು ಹಿಡಿದು ಎಳೆತಂದು ತಲೆ ಬಾಚುವಾಗಲೂ ಅದೇ ಮಾತು.

ಕೊಪ್ಪಳ ಜಿಲ್ಲೆಯಾದ ವರ್ಷ ನಾನು ಏಳನೆಯ ತರಗತಿ. ಅಲ್ಲಿಯ ತನಕ ನಮಗೆ ಎಲ್ಲದಕ್ಕೂ ರಾಯಚೂರು. ಜಿಲ್ಲೆ ಬಂತು, ಬಂತು ಎಂದು ಹಿರಿಯರು ಹಿಗ್ಗಿದ್ದನ್ನು ನೋಡಿ ಅದು ಬಸ್ಸಿನಲ್ಲಿ ಬಂದು ಇಳಿಯುತ್ತದೇನೋ ಎಂದುಕೊಂಡು ನಾನೂ ನನ್ನ ಗೆಳತಿ ನೀಲವ್ವನೂ ಎರಡು ದಿನ ಸಂಜೆ ಬಸ್ಸಿನ ಹಾದಿ ಕಾದದ್ದುಂಟು. ಶಾಲೆಯ ಕನ್ನಡ ಮಾಸ್ತರರಿಗೂ ಅದೇ ಹುರುಪು. ವರ್ಷದ ಗ್ಯಾದರಿಂಗು, ಅಂದರೆ ಶಾಲೆಯ ವಾರ್ಷಿಕೋತ್ಸವ, ಹತ್ತಿರ ಬಂದಾಗ ಅವರು ಎದೆಯುಬ್ಬಿಸಿ ಹೇಳಿದರು: "ಹೊಸಾ ಜಿಲ್ಲಾ ಬಂದೈತಿ, ನಾಟಕನೂ ಹೊಸದ ಆಗಬೇಕು. ನೂರು ವರ್ಷದ ಮ್ಯಾಲ ನಮ್ಮ ಊರು ಹೆಂಗ ಇರತೈತಿ? ನೀವ ಬರಕೊಂಡು ಬರ್ರಿ."

ಉಳಿದವರೆಲ್ಲ ಬರೆದದ್ದು ಸುಖದ ಊರು. ಒಬ್ಬನ ಊರಿನಿಂದ ಕುಷ್ಟಗಿಗೆ ವಿಮಾನ ಹೊರಡುತ್ತಿತ್ತು, ಅದರಲ್ಲೂ ಟಾಪಿನ ಮೇಲೆ ಜನ. ಇನ್ನೊಬ್ಬಳ ಊರಲ್ಲಿ ನಳದಲ್ಲಿ ಪಾಯಸ ಬರುತ್ತಿತ್ತು, ದಿನ ಬಿಟ್ಟು ದಿನ. ನಾನೊಬ್ಬಳೇ ಗೋಡೆ, ನಂಬರು, ರಾಣಿ, ಬೀಗ, ಕಣ್ಣೀರು ಎಂದು ಪುಟ ತುಂಬಿಸಿದ್ದೆ. ಮಾಸ್ತರರು ಓದಿ, ಕನ್ನಡಕ ತೆಗೆದು, ಮೆಲ್ಲಗೆ ಕೇಳಿದರು: "ಗಿರಿಜಾ, ಮನ್ಯಾಗ ಎಲ್ಲಾರೂ ಆರಾಮ ಅದಾರಿಲ್ಲೋ?"

ಆದರೂ ನನ್ನದನ್ನೇ ಆರಿಸಿದರು. ಊರಿಗೆ ‘ಆನಂದನಗರ’ ಎಂದು ನಾನಿಟ್ಟ ಹೆಸರು ಅವರಿಗೆ ಬಹಳ ಹಿಡಿಸಿತ್ತು. ದುಃಖದ ಊರಿಗೆ ಸುಖದ ಹೆಸರಿಡುವುದು ಒಂದು ತಂತ್ರವಂತೆ, ವ್ಯಂಗ್ಯವಂತೆ, ಸಹನಾ ಈಗ ಹೇಳುತ್ತಾಳೆ. ನಾನು ಇಟ್ಟದ್ದು ಬೇರೆ ಹೆಸರು ಹೊಳೆಯದೆ. ಇನ್ನೊಂದು ದೊಡ್ಡ ತಂತ್ರವೆಂದರೆ, ಇವತ್ತು ಇರುವ ಸಣ್ಣ ಸಂಗತಿಯೊಂದನ್ನು ಹಿಡಿದು ಹಿಗ್ಗಿಸುತ್ತ ಹಿಗ್ಗಿಸುತ್ತ ಹೋಗುವುದಂತೆ. ಇದಕ್ಕೆ ಪುಸ್ತಕ ಯಾಕೆ ಬೇಕು? ರೊಟ್ಟಿ ಬಡಿಯುವವರೆಲ್ಲ ಮಾಡುವುದು ಅದನ್ನೇ. ಉಂಡೆ ಇದ್ದಷ್ಟೇ ಹಿಟ್ಟು, ಬಡಿದಂತೆ ಬಡಿದಂತೆ ಹಂಚಿನಗಲ ಆಗುತ್ತದೆ.

ಆದರೆ ಒಂದು ಕೊರತೆ ಇತ್ತು. ಕೆಟ್ಟ ನಾಡಿಗೆ ಒಂದು ಕೆಟ್ಟ ಕಾನೂನು ಬೇಕು, ಕೇಳಿದವರ ಎದೆ ಝಲ್ಲೆನ್ನಬೇಕು. ಶಾಲೆಯ ಹಿಂದಿನ ಬೇವಿನ ಮರದ ಕೆಳಗೆ ನಾನೂ ನೀಲವ್ವನೂ ಕೂತು ಯೋಚಿಸಿಯೇ ಯೋಚಿಸಿದೆವು. ಹೊಡೆಯುವುದೇ? ಅದು ಶಾಲೆಯಲ್ಲಿ ದಿನವೂ ಇತ್ತು. ಆಟ ಬಂದ್ ಮಾಡುವುದೇ? ಪರೀಕ್ಷೆ ಬಂದರೆ ಅದೂ ಇತ್ತು. ಕಡೆಗೆ ನೀಲವ್ವ, ಓಣಿಗೆಲ್ಲ ಕೇಳುವ ತನ್ನ ಆ ದೊಡ್ಡ ದನಿಯನ್ನು ಎಂದೂ ಇಲ್ಲದಷ್ಟು ಸಣ್ಣದು ಮಾಡಿ, "ಗಿರಿಜಿ, ಆನಂದನಗರದಾಗ ಯಾರೂ ಯಾರಿಗೂ ‘ಊಟ ಆತೇನು’ ಅಂತ ಕೇಳಬಾರದು ಅಂದ್ರ ಹೆಂಗ?" ಎಂದಳು.

ದೇವರಾಣೆ, ನನ್ನ ಮೈ ಜುಮ್ಮೆಂದಿತು. ನಮ್ಮ ಕಡೆಯವರು ನೀವಾದರೆ ನಿಮಗೆ ಹೇಳಬೇಕಿಲ್ಲ. ಬಸ್ಸಿನಲ್ಲಿ, ಬಾವಿಯ ಹತ್ತಿರ, ಹೊಲದ ಬದುವಿನಲ್ಲಿ, ಯಾರು ಸಿಕ್ಕರೂ ಮೊದಲ ಮಾತು "ಊಟ ಆತೇನ್ರಿ?" ಬದುವಿನ ಜಗಳದಲ್ಲಿ ಮಾತು ಬಿಟ್ಟವರು ಕೂಡ ಎದುರಾದರೆ ಪಕ್ಕದ ಗಿಡಕ್ಕೆ ಕೇಳಿದಂತೆ "ಊಟ ಆತೇನು" ಎಂದು ಕೇಳಿ, ಮುಖ ತಿರುಗಿಸಿಕೊಂಡು ಹೋಗುತ್ತಾರೆ. ಅದನ್ನೇ ಕಸಿದರೆ ಇನ್ನೇನು ಉಳಿಯಿತು ಹೇಳಿ! ಕಾನೂನು ಗೊತ್ತಾಯಿತು, ನಾಟಕ ಓಡಿತು. ನಾಯಕಿ ನಾನೇ, ನಂಬರು ಒಂಬತ್ತು. ಹಸಿದ ಗೆಳತಿಯನ್ನು ಆ ಮಾತು ಕೇಳಿ ಸಿಕ್ಕಿಬೀಳುತ್ತೇನೆ. ರಾಣಿ ಎಲ್ಲ ಮಕ್ಕಳನ್ನೂ ಉಪವಾಸ ಕೆಡವಿ ಕೂಡಿಹಾಕುತ್ತಾಳೆ. ಕೊನೆಗೆ ನಾನು ಎದ್ದು ನಿಂತು ಒಂದು ಉದ್ದ ಭಾಷಣ ಹೊಡೆಯುತ್ತೇನೆ. ‘ಓ ಸ್ವಾತಂತ್ರ್ಯವೇ, ನೀನೆಲ್ಲಿ ಅಡಗಿರುವೆ’ ಎಂದು ಶುರುವಾಗಿ ಅದು ಒಂದು ಪುಟ ಪೂರ್ತಿ ಉಸಿರು ಬಿಡದೆ ಹೋಗುತ್ತಿತ್ತು. ನಾಟಕ ಬರೆದದ್ದೇ ಆ ಭಾಷಣಕ್ಕಾಗಿ.

ರಾಣಿ ನೀಲವ್ವ. ನಮ್ಮ ಮಾಮಾ, ಅವ್ವನ ತಮ್ಮ, ಗಂಗಾವತಿ ರೂಟಿನ ಬಸ್ಸಿಗೆ ಕಂಡಕ್ಟರಾಗಿದ್ದ. ಅವನ ಹಳೆಯ ಸೀಟಿ ಕಾಡಿಬೇಡಿ ತಂದೆ. "ಒಂದು ಸಲ ಊದಿದ್ರ ನಿಲ್ಲಬೇಕು, ಎರಡು ಸಲ ಊದಿದ್ರ ಹೋಗಬೇಕು. ಡ್ರೈವರ್ ಯಾರ ಇರಲಿ, ಇದ ಕಾಯ್ದೆ" ಎಂದು ಪಾಠ ಹೇಳಿ ಕೊಟ್ಟ. ಆನಂದನಗರದಲ್ಲೂ ಅದೇ ಕಾಯ್ದೆಯಾಯಿತು.

ಈ ನಾಟಕದ ಹಿಂದೆ ಇನ್ನೊಂದು ನಾಟಕ ನಡೆದಿತ್ತು. ನಮ್ಮೂರ ಶಾಲೆ ಇದ್ದದ್ದು ಏಳರ ತನಕ. ಮುಂದೆ ಓದಬೇಕೆಂದರೆ ಕುಷ್ಟಗಿ, ದಿನವೂ ಬಸ್ಸು. ನನಗೆ ಓದಬೇಕಿತ್ತು. ಎಷ್ಟು ಬೇಕಿತ್ತೆಂದರೆ, ಸಾಲಿ ಬಿಡಿಸುತ್ತಾರೆ ಎಂಬುದು ನೆನಪಾದರೆ ಬಾಯಲ್ಲಿನ ತುತ್ತು ಒಳಗಿಳಿಯುತ್ತಿರಲಿಲ್ಲ. ಆಯಿ ಒಂದೇ ಮಾತಲ್ಲಿ ಮುಗಿಸಿದ್ದಳು: "ಹೆಣ್ಣುಹುಡುಗಿ ದಿನಾ ಬಸ್ಸಿನ್ಯಾಗ ಹೋಗೂದು ಬ್ಯಾಡ. ನಿಮ್ಮ ಒಳ್ಳೇದಕ್ಕ ಹೇಳಾಕತ್ತೀನಿ." ಅಪ್ಪನಿಗೆ ಮನಸ್ಸಿತ್ತು, ಎದುರಾಡುವ ಬಾಯಿ ಇರಲಿಲ್ಲ. "ನಿಮ್ಮ ಆಯಿ ಹೂಂ ಅಂದ್ರ ನಾಳೆನ ಹೋಗಿ ಹೆಸರು ಹಚ್ಚತೀನಿ" ಎನ್ನುತ್ತಿದ್ದ. ಆ ಒಂದು ಹೂಂ ಹೊರಡಿಸಲು ಮಾಸ್ತರರು ಉಪಾಯ ಹೂಡಿದರು. "ನಿಮ್ಮ ಆಯಿನ್ನ ಮುಂದಿನ ಸಾಲಿನ್ಯಾಗ ಕುಂದ್ರಸೋಣು. ಮೊಮ್ಮಗಳ ಶಾಣ್ಯಾತನ ಕಣ್ಣಾರೆ ನೋಡಲಿ. ತಾನ ಹೂಂ ಅಂತಾಳ."

ನಾನು ಕುಣಿದಾಡಿದೆ. ಕುಣಿದು ಮುಗಿದ ಮೇಲೆ, ತಾಲೀಮಿನಲ್ಲಿ ನೀಲವ್ವ ಸೊಂಟಕ್ಕೆ ಶಾಲೆಯ ಕಪಾಟುಗಳ ಕೀಲಿಕೈ ಸಿಗಿಸಿಕೊಂಡು, ಕತ್ತು ಕೊಂಕಿಸಿ, "ನಿಮ್ಮ ಒಳ್ಳೇದಕ್ಕ ಹೇಳಾಕತ್ತೀನಿ!" ಎಂದು ಗುಡುಗಿದಳು ನೋಡಿ, ನಾನು ಕೈಯಲ್ಲಿದ್ದ ಹಾಳೆ ಬಿಟ್ಟು ಎದ್ದು ನಿಂತೆ. ಅಯ್ಯೋ ಶಿವನೇ! ಬರೆಯುವಾಗ ಹೊಳೆದೇ ಇರಲಿಲ್ಲ. ಇದು ನಮ್ಮ ಆಯಿ! ತಲೆಯಿಂದ ಹೆಬ್ಬೆರಳ ತನಕ ನಮ್ಮ ಆಯಿ!

"ನೀಲಿ, ಆ ಮಾತು ಬಿಡು. ಕೀಲಿಕೈನೂ ಬ್ಯಾಡ" ಎಂದು ಬೇಡಿಕೊಂಡೆ.

"ನಾ ಬಾಯಿಪಾಠ ಮಾಡೇನಿ, ಒಂದು ಅಕ್ಷರ ಕದಲಂಗಿಲ್ಲ" ಎಂದಳು. "ನಿಮ್ಮ ಮನಿ ಕಟ್ಟಿ ಮ್ಯಾಲ ಕುಂತು ನಿಮ್ಮ ಆಯಿ ನಡಿಗಿ ಕಲತೇನಿ. ಸುಮ್ನ ಆಗತೈತೇನು?"

ಗ್ಯಾದರಿಂಗು ಹಗಲಿನಲ್ಲೇ ನಡೆಯಿತು, ಕರೆಂಟನ್ನು ನಂಬಿಕೊಂಡು ರಾಣಿಯನ್ನು ಕತ್ತಲಲ್ಲಿ ನಿಲ್ಲಿಸುವ ಧೈರ್ಯ ಯಾರಿಗೂ ಇರಲಿಲ್ಲ. ಶಾಲೆಯ ಮೇಜುಗಳನ್ನು ಜೋಡಿಸಿ ರಂಗ. ಆನಂದನಗರದ ಹೆಬ್ಬಾಗಿಲೆಂದು ಒಂದು ಹೊರಸನ್ನು, ಅದೇ ಹಗ್ಗದ ಮಂಚವನ್ನು, ಅಡ್ಡ ನಿಲ್ಲಿಸಿ, ಅದರ ನುಲಿಗೆ ಬೀಗ ಹಾಕಿದ್ದೆವು. ಹೆಂಗಸರೆಲ್ಲ ಹೊಲದಿಂದ ನೆಟ್ಟಗೆ ಬಂದವರು, ಮಡಿಲಲ್ಲಿ ಇನ್ನೂ ಬಿಚ್ಚದ ಬುತ್ತಿಯ ಗಂಟು. ಆಯಿಯೂ ಬಂದಳು, ಮುಂದಿನ ಸಾಲಿನ ನಡುವೆ ಕೂತಳು, ಗಂಟು ಪಕ್ಕದಲ್ಲಿಟ್ಟಳು. ಓಣಿ ದಾಟಬೇಕೆಂದರೂ ನಾಲ್ಕು ರೊಟ್ಟಿ ಕಟ್ಟಿಕೊಳ್ಳುವುದು ಅವಳ ರೂಢಿ.

ಸೀಟಿ ಕೇಳಿತು. ರಾಣಿ ಬಂದಳು. ಕೀಲಿಕೈ ಝಣಝಣ, ಕತ್ತು ಕೊಂಕು, ಅದೇ ಮಾತು. ಹಿಂದೆ ಯಾರೋ ಕಿಸಕ್ಕೆಂದರು. ಆಮೇಲೆ ಇನ್ನೊಬ್ಬರು. ಆಮೇಲೆ ಇಡೀ ಓಣಿ ಸೆರಗು ಬಾಯಿಗೊತ್ತಿಕೊಂಡು ನಕ್ಕಿತು. ನಾನು ಆಯಿಯ ಮುಖ ನೋಡಿದೆ. ಕಲ್ಲಿನ ಮುಖ. ನನ್ನ ಹೈಸ್ಕೂಲು ಕಣ್ಣೆದುರಿಗೇ ಗಂಟುಮೂಟೆ ಕಟ್ಟಿತು. ಉಳಿದದ್ದು ಭಾಷಣವೊಂದೇ. ಭಾಷಣದಲ್ಲಿ ಹೇಗಾದರೂ ಮಾಡಿ ಗೆದ್ದುಬಿಡಬೇಕು ಎಂದು ಹಲ್ಲು ಕಚ್ಚಿದೆ.

ಉಪವಾಸದ ದೃಶ್ಯ ಬಂತು. ಹೊರಸಿನ ಹಿಂದೆ ನಾವೆಲ್ಲ ಹೊಟ್ಟೆ ಹಿಡಿದು ಕೂತೆವು. ಊಟದ ಮಾತು ಆಡಬಾರದು, ಅದು ಆನಂದನಗರದ ಕಾನೂನು. ನಾವು ಎಷ್ಟು ಚೆನ್ನಾಗಿ ಹಸಿದೆವೆಂದರೆ ಮೊದಲು ನಗು ನಿಂತಿತು, ಆಮೇಲೆ ಹೆಂಗಸರಲ್ಲಿ ಗುಸುಗುಸು ಹತ್ತಿತು. ಯಾರೋ ತಡೆಯಲಾರದೆ ಗಟ್ಟಿಯಾಗಿಯೇ ಕೇಳಿದರು: "ಯವ್ವಾ, ಕೂಸುಗಳಾ, ಊಟ ಆಗಿಲ್ಲೇನು?"

ನಾವು ಪಳಗಿದ ನಟಿಯರು. ತುಟಿ ಪಿಟ್ಟೆನ್ನಲಿಲ್ಲ. ನಾವು ಉತ್ತರ ಕೊಡದಷ್ಟೂ ಅವರ ಕಳವಳ ಹೆಚ್ಚಿತು. "ಯಾಕ ಮಾತಾಡವಲ್ವು? ಏನಾತು?" ಪರದೆಯ ಹಿಂದಿನಿಂದ ಮಾಸ್ತರರು, "ನಾಟಕ ಐತ್ರೀ ಅದು, ನಾಟಕ!" ಎಂದು ಹಲುಬಿದರು. ಆಗ ನೀಲವ್ವನ ತಂಗಿ ಮಲ್ಲಿ, ಒಂದನೆಯ ತರಗತಿಯ ಚೋಟುದ್ದದ ಕೈದಿ, ಬಣ್ಣ ಹಚ್ಚಿಸಿಕೊಳ್ಳುವ ಸಂಭ್ರಮದಲ್ಲಿ ಮುಂಜಾನೆಯಿಂದ ನಿಜಕ್ಕೂ ಏನೂ ತಿಂದಿರದವಳು, ಬಿಕ್ಕಿ ಬಿಕ್ಕಿ ಅತ್ತು, "ಉಂಡಿಲ್ಲಬೇ!" ಎಂದುಬಿಟ್ಟಳು.

ಮುಗಿಯಿತು. ಮುಂದಿನ ಸಾಲಿನಲ್ಲಿ ಆಯಿ ಎದ್ದಳು. ಗಂಟು ಬಗಲಿಗಿಟ್ಟುಕೊಂಡು ಮೇಜು ಹತ್ತಿದಳು. ರಾಣಿ ಎಷ್ಟೆಂದರೂ ರಾಣಿ, ಬಿಡಲಿಲ್ಲ. ಸೀಟಿ ಊದಿ, ಕೈ ಅಡ್ಡ ಮಾಡಿ, "ನಿಲ್ಲು! ಇದು ಇವರ ಒಳ್ಳೇದಕ್ಕ!" ಎಂದಳು.

"ಒಳ್ಳೇದಕ್ಕಂತ, ಒಳ್ಳೇದಕ್ಕ!" ಆಯಿಯ ದನಿಗೆ ಹೊರಸು ಕೂಡ ನಡುಗಿತು. "ಹುಡುಗೂರನ್ನ ಕೂಡಿಹಾಕಿ, ಹೊಟ್ಟಿ ಸುಟ್ಟು, ಇದು ಯಾವ ಸೀಮಿ ಒಳ್ಳೇದವಾ? ಅವ್ರು ಏನು ಬೇಡ್ತಾರ ಅಂತ ಒಂದ್ಸಲರ ಕೇಳೀಯೇನು? ಕೀಲಿ ಐತಂತ ಎಲ್ಲಾದಕ್ಕೂ ಹಾಕೂದೇನು? ತಾ ಇಲ್ಲಿ!"

ನೀಲವ್ವ ಕೀಲಿಕೈಯನ್ನೂ ಕೊಟ್ಟಳು, ಸೀಟಿಯನ್ನೂ ಕೊಟ್ಟಳು, ಕಿರೀಟವನ್ನೂ ತೆಗೆದು ಕೊಡಲು ಹೋದಳು. ಆಯಿ ಬೀಗದ ಗೊಡವೆಗೆ ಹೋಗದೆ ಹೆಬ್ಬಾಗಿಲನ್ನೇ ಒಂದು ಕೈಯಲ್ಲಿ ಎತ್ತಿ ಬದಿಗಿಟ್ಟಳು. ಗಂಟು ಬಿಚ್ಚಿದಳು. ಅದನ್ನೇ ಕಾಯುತ್ತಿದ್ದವರಂತೆ ಉಳಿದ ಹೆಂಗಸರೆಲ್ಲ ಮೇಲೆ ನುಗ್ಗಿದರು. ರೊಟ್ಟಿ, ಶೇಂಗಾ ಹಿಂಡಿ, ಪುಂಡಿಪಲ್ಯ, ಮೊಸರು! ನಾನು ಆ ಗದ್ದಲದಲ್ಲಿ ಎದ್ದು, "ಓ ಸ್ವಾತಂತ್ರ್ಯವೇ..." ಎಂದು ಶುರುಮಾಡಿದೆ. ಯಾರೋ ಬಾಯಿಗೆ ತುತ್ತಿಟ್ಟರು. ನುಂಗಿ, "ನೀನೆಲ್ಲಿ..." ಎಂದೆ. ಇನ್ನೊಂದು ತುತ್ತು ಬಂತು. ರಾಣಿ ಮೂಲೆಯಲ್ಲಿ ಮುಸುಮುಸು ಅಳುತ್ತಿದ್ದಳು. ಆಯಿ ಅವಳ ಕೈಗೂ ಒಂದು ರೊಟ್ಟಿ ಕೊಟ್ಟು, "ನೀನೂ ಉಣ್ಣು. ಹಸದಿದ್ದಿ, ಅದಕ್ಕ ಬುದ್ಧಿ ಹಂಗಾಗಿತ್ತು" ಎಂದಳು. ಮಾಸ್ತರರು ಪರದೆ ಬಿಡಲು ಬಂದವರು ಪುಂಡಿಪಲ್ಯ ಕಂಡು ಕೂತರು.

ಸಹನಾ ಇಲ್ಲಿ ನನ್ನ ಕತೆ ತಡೆದು ಹೊಟ್ಟೆ ಹಿಡಿದು ನಕ್ಕಳು. ಮರುಕ್ಷಣ ಪ್ರಾಜೆಕ್ಟು ನೆನಪಾಗಿ, ಇಂಥ ಕಥೆಗಳ ಕೊನೆಯಲ್ಲಿ ಎಲ್ಲ ಸರಿಹೋಗಬಾರದು, ಒಂಚೂರು ಆಸೆ ಮಾತ್ರ ಕಾಣಬೇಕು, ಅದು ನಿಯಮ ಎಂದಳು. ನನಗೆ ಆ ಸಂಜೆ ಅಷ್ಟೂ ಕಾಣಿಸಿರಲಿಲ್ಲ ಕೂಸೇ. ಭಾಷಣ ಹೋಯಿತು, ಮಾನ ಹೋಯಿತು, ಸಾಲಿಯೂ ಹೋಯಿತು ಎಂದು ಮೂಗೊರೆಸಿಕೊಳ್ಳುತ್ತ ಆಯಿಯ ಹಿಂದೆ ಮನೆಯ ದಾರಿ ಹಿಡಿದಿದ್ದೆ. ಖಾಲಿ ಗಂಟು ಹೆಗಲ ಮೇಲೆ, ಎಡ ಸೊಂಟದಲ್ಲಿ ಅದೇ ಝಣಝಣ.

"ಛಲೋ ಬರದಿದ್ದಿ" ಎಂದಳು ಆಯಿ, ತಿರುಗಿ ನೋಡದೆ.

"ಎಲ್ಲಾ ಕೆಡಿಸಿದ್ಯಲ್ಲ ಆಯಿ! ನನ್ನ ಭಾಷಣ..."

"ಕೂಸು ಹಸದಿತ್ತು." ಸ್ವಲ್ಪ ದೂರ ಹೋದ ಮೇಲೆ ಮತ್ತೆ, "ಒಂದು ತಪ್ಪೈತಿ. ಆ ನೀಲವ್ವ ಕೀಲಿಕೈ ಬಲಕ್ಕ ಸಿಗಿಸಿದ್ಳು. ನಾ ಎಡಕ್ಕ ಸಿಗಸ್ತೀನಿ. ಅಷ್ಟೂ ನೋಡಿ ಕಲಸಲಿಲ್ಲೇನು?"

ನನ್ನ ಕಾಲು ಅಲ್ಲೇ ನಿಂತವು. ಗೊತ್ತಿತ್ತು! ಮೊದಲ ಸೀಟಿಯಿಂದಲೇ ಗೊತ್ತಿತ್ತು! ಗೊತ್ತಿದ್ದೇ ಮೇಜು ಹತ್ತಿದ್ದಳು. ಹೇಗೋ ಧೈರ್ಯ ಮಾಡಿ, "ಹಂಗಾದ್ರ ಎಲ್ಲಾರ ಮುಂದ ರಾಣಿನ್ನ ಯಾಕ ಬೈದಿ ಆಯಿ?" ಎಂದೆ.

"ಬೈಸಿಕೊಳ್ಳೂಹಂಗ ಇದ್ಳು, ಬೈದೆ."

ಮನೆ ಬಂತು. ಹೊಸ್ತಿಲು ದಾಟುವಾಗ ಆಯಿ ಕೇಳಿದಳು: "ಕುಷ್ಟಗಿ ಬಸ್ಸು ಮುಂಜಾನಿ ಎಷ್ಟಕ್ಕ ಬರತೈತಿ?"

ನಾನು ಅಂಗಳದಲ್ಲೇ ಕುಣಿದೆ. ಎಮ್ಮೆ ಬೆದರಿ ಹಗ್ಗ ಜಗ್ಗಿತು. ಅಪ್ಪ ಒಳಗಿನಿಂದ ಓಡಿ ಬಂದ.

ಇದರಿಂದ ಆಯಿ ಮೆತ್ತಗಾದಳು ಎಂದುಕೊಳ್ಳಬೇಡಿ. ಮರುದಿನ ಹರಳೆಣ್ಣೆ ಇತ್ತು, ಬೆಲ್ಲದ ಡಬ್ಬಿಗೆ ಬೀಗವೂ ಇತ್ತು. ಮೇಲೆ ಒಂದು ಸೀಟಿ ಬೇರೆ ಸಿಕ್ಕಿತ್ತು. ಮಾಮಾ ಎರಡು ಸಲ ಬಂದು ಕೇಳಿದರೂ ಅವಳು ಅದನ್ನು ಮರಳಿ ಕೊಡಲಿಲ್ಲ, ಗೊಂಚಲಿಗೆ ಪೋಣಿಸಿಕೊಂಡು ಊಟಕ್ಕೆ ಕರೆಯಲು ಊದತೊಡಗಿದಳು. ಒಂದು ಊದಿದರೆ ಆಟ ನಿಲ್ಲಬೇಕು, ಎರಡು ಊದಿದರೆ ತಾಟಿನ ಮುಂದೆ ಇರಬೇಕು.

ಹೈಸ್ಕೂಲಿನ ಮೊದಲ ದಿನ ಆಯಿ ನನಗಿಂತ ಮೊದಲೇ ಬಸ್ಸಿನ ಹಾದಿಗೆ ಹೋಗಿ ನಿಂತಿದ್ದಳು, ಯಾವ ನಮೂನೆಯ ಬಸ್ಸು, ಎಂಥ ಮಂದಿ ಎಂದು ನೋಡಲು. ನನ್ನನ್ನು ತಡ ಮಾಡಿಸಿದ್ದೂ ಅವಳೇ, ಇನ್ನೊಂದು ರೊಟ್ಟಿ ತಿಂದೇ ಹೊರಡಬೇಕೆಂದು ಅಪ್ಪಣೆ ಮಾಡಿ ಹೋಗಿದ್ದಳು. ಬಾಯಲ್ಲಿ ರೊಟ್ಟಿ, ಬೆನ್ನಲ್ಲಿ ಪಾಟೀಚೀಲ, ಒಂದು ಜಡೆ ಹೆಣೆದು ಇನ್ನೊಂದು ಬಿಚ್ಚಿ ನಾನು ಓಡಿ ಬರುವಷ್ಟರಲ್ಲಿ ಕಂಡಕ್ಟರ್ ಎರಡು ಸಲ ಊದಿ ಬಸ್ಸು ಹೊರಟೇಬಿಟ್ಟಿತ್ತು. ಇನ್ನೇನು, ಹೋಯಿತು ಎನ್ನುವಾಗ ಒಂದು ಸೀಟಿ ಕೇಳಿತು. ಬಸ್ಸು ಗಕ್ಕನೆ ನಿಂತಿತು. ಕಂಡಕ್ಟರ್ ತನ್ನ ಸೀಟಿಯನ್ನು ಕೈಯಲ್ಲಿ ಹಿಡಿದು ಅದನ್ನೇ ನೋಡಿದ, ಆಮೇಲೆ ಕಿಟಕಿಯಿಂದ ತಲೆ ಹೊರಗೆ ಹಾಕಿದ.

"ಯಾರ್ರೀ ಅದು, ಸೀಟಿ ಹೊಡದೋರು?"

"ನಾನು" ಎಂದಳು ಆಯಿ. "ನಮ್ಮ ಹುಡುಗಿ ಸಾಲಿಗೆ ಹೊಂಟಾಳ."

ನಾನು ಓಡಿ ಹತ್ತಿ, ಕಂಬಿ ಹಿಡಿದು ತಿರುಗಿ ನೋಡಿದೆ. ಕಂಡಕ್ಟರ್ ಸೀಟಿಯನ್ನು ಬಾಯಿಗಿಡುವುದರೊಳಗೆ ಆಯಿ ಎರಡು ಸಲ ಊದಿದಳು. ಬಸ್ಸು ಕುಷ್ಟಗಿಗೆ ಹೊರಟಿತು.